ಹುಲಿಗೆವ್ವನ ಬಲಗೈ

ಹರಪನಹಳ್ಳಿಯ ನಮ್ಮ ಚಿತ್ರಕಲಾ ಶಾಲೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದ ಕೋಣೆಯಲ್ಲಿ ಈಗ ಒಂದು ಪ್ಲಾಸ್ಟರಿನ ಕೈ ಇದೆ. ಬಿಳಿ ಕೈ. ಐದು ಬೆರಳು, ಒಂದೂ ಕಡಿಮೆಯಿಲ್ಲ. ಅದು ಬೆವರುವುದಿಲ್ಲ, ಚಹಾ ಕೇಳುವುದಿಲ್ಲ, ಕಾಲು ಜೋಮು ಹಿಡಿಯಿತೆಂದು ಎದ್ದು ನಿಲ್ಲುವುದಿಲ್ಲ. ಬರೆದದ್ದು ತಪ್ಪಾದರೆ ತಪ್ಪು ಅನ್ನುವುದೂ ಇಲ್ಲ. ಆಡಳಿತ ಮಂಡಳಿಯವರು ಅದರ ಕೆಳಗೆ 'ಸ್ತ್ರೀ ಹಸ್ತ' ಎಂದು ಚೀಟಿ ಅಂಟಿಸಿದ್ದಾರೆ. ಹೆಂಗಸರ ಗೌರವ ಕಾಪಾಡಲು ಇಂಥ ಉಪಾಯ ಇಲ್ಲಿಂದ ಕೂಡ್ಲಿಗಿಯವರೆಗೆ ಹಿಂದೆ ಯಾರಿಗೂ ಹೊಳೆದಿರಲಿಲ್ಲ.

ಈ ವರ್ಷ ಡ್ರಾಯಿಂಗ್ ಮೇಷ್ಟ್ರ ಕೆಲಸಕ್ಕೆ ಸೇರುವ ಮೂವರು ಮನೆಗೆ ಬಂದು, ಎದುರಿಗೆ ಮಾಡೆಲ್ ಕೂರಿಸಿಕೊಂಡು ಹೆಂಗಸರ ಚಿತ್ರ ಬರೆಸುವ ಅನುಭವ ಬರೆದುಕೊಡಿ ಅಂದರು. ಬರೆಯುತ್ತೇನೆ. ಬಡ್ತಿಯ ಆದೇಶಗಳನ್ನು ಬಿಟ್ಟುಬಿಡುತ್ತೇನೆ. ಅವುಗಳಿಂದ ನನ್ನ ಒಂದು ಗೆರೆಯೂ ನೆಟ್ಟಗಾಗಲಿಲ್ಲ. ತಪ್ಪುಗಳನ್ನು ಬರೆಯುತ್ತೇನೆ. ಅದರಲ್ಲಿ ಒಂದನ್ನು ಬರೆಯಲು ಕೈ ಇನ್ನೂ ಹಿಂದೆ ಮುಂದೆ ನೋಡುತ್ತದೆ. ಅದಕ್ಕೇ ಅದನ್ನು ಬರೆಯಲೇಬೇಕು.

ನಾನು ಸೇರಿದಾಗ ಶಾಲೆಯಲ್ಲಿ ಹೆಂಗಸು ಮಾಡೆಲ್ ಆಗಿ ಕೂರುವ ಪದ್ಧತಿಯೇ ಇರಲಿಲ್ಲ. ಆಗಿನ ಪ್ರಾಂಶುಪಾಲರು ಮಕ್ಕಳನ್ನು ಬಸ್ಸು ಹತ್ತಿಸಿ ಬಾಗಳಿಗೆ ಕಳಿಸುತ್ತಿದ್ದರು. "ಕಲ್ಲೇಶ್ವರನ ಗುಡಿಯಾಗ ಇಷ್ಟು ಮಂದಿ ಹೆಂಗಸರು ನಿಂತಾರ. ಒಬ್ಬಾಕಿನೂ ಅಲ್ಲಾಡಂಗಿಲ್ಲ, ಮಾತಾಡಂಗಿಲ್ಲ. ಇನ್ನೇನು ಬೇಕ್ರಿ ನಿಮಗ?" ಎಂದು ಅವರ ವಾದ. ಮಕ್ಕಳು ಮೂರು ವರ್ಷ ಕಲ್ಲನ್ನು ಬರೆದರು. ನಾಲ್ಕನೆಯ ವರ್ಷ, ನಿಮ್ಮ ನಿಮ್ಮ ತಾಯಿಯನ್ನು ಬರೆದು ತನ್ನಿ ಅಂದೆ. ಹಡಗಲಿ ಕಡೆಯ ಒಬ್ಬ ಹುಡುಗ, ಅವನ ತಾಯಿ ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡ ಹಿಡಿದು ಸೊಂಟವನ್ನು ಮೂರು ಕಡೆ ಬಳುಕಿಸಿ ನಿಂತ ಚಿತ್ರ ತಂದ. ಆ ತಾಯಿ ನನಗೆ ಗೊತ್ತಿದ್ದವರು. ಸೊಂಟನೋವಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು.

ಹುಲಿಗೆವ್ವ ಬಂದದ್ದು ಆ ವರ್ಷ. ಕೂಡ್ಲಿಗಿ ಕಡೆ ತವರು, ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ ಗಂಡನ ಮನೆ. ಶಾಲೆಯ ಗೋಡೆಗೆ ಸುಣ್ಣ ಬಳಿಯುವ ಕೂಲಿಗೆ ಬಂದಿದ್ದಳು. ಮಕ್ಕಳು ಹೂಜಿ ಮತ್ತು ಸೇಬು ಬರೆಯುತ್ತಿದ್ದರು. ಸುಣ್ಣದ ಕುಂಚ ಹಿಡಿದೇ ಬಾಗಿಲಲ್ಲಿ ನಿಂತು ನೋಡಿದಳು.

"ಮೂರು ದಿನ ಆತು, ಅದ ಸೇಬು ನೋಡಾಕ ಹತ್ತೀರಿ. ಕೊಳತು ಹೊಕ್ಕೈತಿ, ತಿಂದರ ತಿನ್ರಿ."

ನಾನು ಕೇಳಿದೆ: "ನೀನು ಕುಂದ್ರತೀಯೇನವ್ವ ಆ ಜಾಗದಾಗ?"

"ಕುಂದ್ರತೀನಿ. ಬರದದ್ದೆಲ್ಲ ನನಗ ತೋರಸ್ಬೇಕು ನೋಡ್ರಿ. ನನ್ನ ಮಾರಿ ನನಗ ತೋರಸ್ದ ಒಯ್ಯಂಗಿಲ್ಲ."

ಅದು ನಮ್ಮ ಕೋಣೆಯ ಕಾನೂನಾಯಿತು. ಗಂಟೆ ಹೊಡೆದ ಮೇಲೆ ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಒಂದೊಂದೇ ಬೋರ್ಡಿನ ಮುಂದೆ ನಿಂತು ನೋಡುತ್ತಿದ್ದಳು. ಮಕ್ಕಳು ಇದಕ್ಕೆ ಹಾಜರಿ ಎಂದು ಹೆಸರಿಟ್ಟಿದ್ದರು. ಪರೀಕ್ಷೆಗೆ ಹೊರಗಿನಿಂದ ಬರುವವರ ಅಭಿಪ್ರಾಯ ಮರೆತಿದ್ದೇನೆ. ಹುಲಿಗೆವ್ವನದು ಒಂದೂ ಮರೆತಿಲ್ಲ. "ಇವ ನನ್ನ ಹೊಟ್ಟಿ ಕದ್ದಾನ, ಎಲ್ಲಿಟ್ಟಾನ ಕೇಳ್ರಿ." "ಇದು ನಾನಲ್ಲ, ನಮ್ಮತ್ತಿ." ಇದ್ದಿಲಿನಲ್ಲಿ ಬರೆದದ್ದಕ್ಕೆ, "ಒಲಿ ಮುಂದ ಇರ್ತೀನಿ ಖರೆ, ಒಲಿಯಾಗ ಇರಂಗಿಲ್ಲ." ನೀರುಬಣ್ಣದ್ದಕ್ಕೆ, "ಎಷ್ಟು ಮಳಿಯಾಗ ನಿಂದ್ರಸೀಯೋ ಯಪ್ಪಾ."

ತೈಲವರ್ಣಕ್ಕೆ ಎಂಟು ದಿನ ಒಂದೇ ಭಂಗಿಯಲ್ಲಿ ಕೂರಬೇಕು. ಎದ್ದು ಬಂದವಳು ಮತ್ತೆ ಅದೇ ಜಾಗಕ್ಕೆ ಕೂರಲೆಂದು ನೆಲದ ಮೇಲೆ ಅವಳ ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆವು. ಒಮ್ಮೆ ಒರಗಿ ಮಲಗಿದ ಭಂಗಿ ಬೇಕಾಯಿತು. ನಾನು ಪಂಡಿತನ ಗತ್ತಿನಲ್ಲಿ, "ಹೊಳಲಿನ ಅನಂತಶಯನ ನೋಡೀಯಲ್ಲ, ಹಂಗ" ಎಂದೆ. ಅವಳು ಅಲ್ಲಾಡಲಿಲ್ಲ.

"ಆತಗ ಕಾಲೊತ್ತಾಕ ಹೆಂಡ್ತಿ ಅದಾಳ್ರಿ. ನನಗ ಯಾರದಾರ, ನೀವು ಒತ್ತತೀರೇನು?"

ಕೂತ ಭಂಗಿಯನ್ನೇ ಬರೆಸಿದೆ.

ಬಣ್ಣದ ಪೆಟ್ಟಿಗೆಯಲ್ಲಿ 'ಮೈಬಣ್ಣ' ಎಂಬ ಹೆಸರಿನ ಒಂದು ಟ್ಯೂಬು ಬರುತ್ತದೆ, ನಿಮಗೆ ಗೊತ್ತು. ತಿಳಿಗುಲಾಬಿ. ಹನ್ನೊಂದು ಮಕ್ಕಳು ಅದನ್ನು ಹಿಂಡಿ ಹಚ್ಚಿದರು, ನಾನೂ ಸುಮ್ಮನಿದ್ದೆ. ಹಾಜರಿಗೆ ಬಂದವಳು ಮೊಣಕೈವರೆಗೆ ತೋಳು ತೋರಿಸಿ, "ಯಾರ ಮೈಯಿ ಇದು? ಯಾರದರ ಇರಲಿ, ಅವರಿಗೆ ಕೊಟ್ಟು ಬರ್ರಿ, ಹುಡುಕಾಡತಿರತಾರ" ಎಂದಳು. ಆ ಟ್ಯೂಬುಗಳನ್ನೆಲ್ಲ ಕಿಟಕಿಯಿಂದ ಎಸೆದೆ. ಪ್ರಾಂಶುಪಾಲರು ಶಾಲೆಯ ಆಸ್ತಿಯನ್ನು ಹಾಳು ಮಾಡಿದ್ದಕ್ಕೆ ಕಾರಣ ಕೇಳಿ ನನಗೆ ಪತ್ರ ಕೊಟ್ಟರು. ಆ ಪತ್ರ ನನ್ನ ಹತ್ತಿರ ಇಂದಿಗೂ ಇದೆ. ನನ್ನ ಸೇವಾವಧಿಯಲ್ಲಿ ನಾನು ಗಳಿಸಿದ ಏಕೈಕ ಪ್ರಶಸ್ತಿ ಅದು.

ಇಷ್ಟು ಹೇಳಿ ನನ್ನನ್ನು ಒಳ್ಳೆಯ ಮೇಷ್ಟ್ರು ಎಂದು ನಿಮ್ಮಿಂದ ಅನ್ನಿಸಿಕೊಂಡಾಯಿತು. ಈಗ ಕೈಯ ವಿಷಯ.

ಕೈ ಬರೆಯುವುದು ಕಷ್ಟ. ಅದಕ್ಕೆ ನಾನು ಒಂದು ಸುಲಭೋಪಾಯ ಕಲಿಸುತ್ತಿದ್ದೆ: ಮೊದಲು ಅಂಗೈಯಷ್ಟು ಅಗಲದ ಒಂದು ಚೀಲ ಬರೆಯಿರಿ, ಅದನ್ನು ನಾಲ್ಕು ಭಾಗ ಮಾಡಿ, ಪಕ್ಕಕ್ಕೆ ಹೆಬ್ಬೆರಳು ಸೇರಿಸಿ. ಕಣ್ಣು ಮುಚ್ಚಿದರೂ ಬರುತ್ತಿತ್ತು. ಕಣ್ಣು ಮುಚ್ಚಿದರೂ ಬರುವ ವಿದ್ಯೆಯಿಂದ ಏನು ಆಗುತ್ತದೆ ಎಂಬುದು ಆಗ ನನಗೆ ತಿಳಿಯಲಿಲ್ಲ.

ಈ ಉಪಾಯಕ್ಕೆ ಒಗ್ಗದವಳು ಒಬ್ಬಳೇ, ನಾಗವೇಣಿ. ಹಗರಿಬೊಮ್ಮನಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಮಾತು ಕಡಿಮೆ, ನೋಟ ಜಾಸ್ತಿ. ಅವಳದೊಂದು ದೋಷವಿತ್ತು. ಗಟ್ಟಿ ಪೆನ್ಸಿಲನ್ನು ನೇಗಿಲಿನ ಹಾಗೆ ಒತ್ತುತ್ತಿದ್ದಳು. "ಹಂಗ ಒತ್ತಬ್ಯಾಡವ್ವ, ರಬ್ಬರ್ ಹಚ್ಚಿದರೂ ಹಾಳಿಯಾಗ ತಗ್ಗು ಉಳೀತೈತಿ" ಎಂದು ಎರಡು ವರ್ಷ ಬೈದೆ. ಅವಳು ಎರಡು ವರ್ಷ ಒತ್ತಿದಳು.

ಮೆಕ್ಕೆಜೋಳದ ಸುಗ್ಗಿಯಲ್ಲಿ ಹುಲಿಗೆವ್ವ ಪ್ರತಿವರ್ಷ ನಮ್ಮನ್ನು ಬಿಟ್ಟು ಮಂಡಿಯ ಕೆಲಸಕ್ಕೆ ಹೋಗುತ್ತಿದ್ದಳು. ತೆನೆ ಬಿಡಿಸುವ ಮಿಷನ್ನಿನ ಬಾಯಿಗೆ ಬುಟ್ಟಿಯಿಂದ ತೆನೆ ಸುರಿಯುವುದು, ಸಿಕ್ಕಿಕೊಂಡರೆ ಕೈಯಿಂದ ತಳ್ಳುವುದು. ಮಂಡಿ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರದ್ದು. ವರ್ಷಕ್ಕೊಮ್ಮೆ ಚಿತ್ರ ಪ್ರದರ್ಶನದಲ್ಲಿ ದೀಪ ಹಚ್ಚಿ, "ದುಡಿಯೋ ಹೆಣ್ಣಿನ ಕೈಯಾಗ ದೇವರದಾನ" ಎಂದು ಭಾಷಣ ಮಾಡುತ್ತಿದ್ದವರು. ಆ ಕೈಯನ್ನು ಮಿಷನ್ನಿನ ಬಾಯಿಂದ ದೂರ ಇಡುವ ತಗಡು ಕಳಚಿ ಬಿದ್ದು ಎರಡು ಸುಗ್ಗಿಯಾಗಿತ್ತಂತೆ. ದೇವರಿಗೆ ಬಿಟ್ಟಿದ್ದರು.

ಆ ವರ್ಷ ಸುಗ್ಗಿಗೆ ಹೋದವಳು ಐದಾರು ವಾರ ಕಳೆದು ವಾಪಸ್ ಬಂದಳು. ಕೂತಳು. ಬಲಗೈ ಮೊಣಕಾಲಿನ ಮೇಲೆ, ಬೆರಳು ಬಿಡಿಸಿ, ನಮ್ಮ ಕಡೆಗೇ ಇಟ್ಟಳು. ಈಗ ಅನ್ನಿಸುತ್ತದೆ, ಬೇಕೆಂದೇ ಇಟ್ಟಿದ್ದಳು. ನೋಡುವುದೇ ಉದ್ಯೋಗವಾದವರು ನಾವು, ಹೇಳುವುದೇನಿದೆ ಎಂದುಕೊಂಡಿರಬೇಕು.

ನಾನು ಬೋರ್ಡುಗಳ ನಡುವೆ ಸುತ್ತು ಹಾಕುತ್ತ ಬಂದೆ. ಮಾಡೆಲ್ ಕಡೆಗೆ ನನ್ನ ಬೆನ್ನು. ನಾಗವೇಣಿಯ ಹಾಳೆಯಲ್ಲಿ ಕೈಗೆ ನಾಲ್ಕೇ ಬೆರಳು.

"ಏನವ್ವ ಇದು? ಎರಡು ವರ್ಷ ಕಲಿಸಿದ್ದು ಎಲ್ಲಿ ಹೋತು?"

"ಸಾರ್, ಅಲ್ಲಿ..."

"ಅಲ್ಲಿ ಇಲ್ಲಿ ಅನ್ನಬ್ಯಾಡ. ಎಣಿಸು."

ರಬ್ಬರ್ ತೆಗೆದುಕೊಂಡು ನಾನೇ ಉಜ್ಜಿದೆ. ಮೆತ್ತನೆಯ ಪೆನ್ಸಿಲಿನಲ್ಲಿ ಐದೂ ಬೆರಳು ಚೆಂದವಾಗಿ ಬರೆದು, ಮೂಲೆಯಲ್ಲಿ ತಾರೀಕಿನ ಪಕ್ಕ ನನ್ನ ಸಹಿ ಹಾಕಿದೆ. ತಿದ್ದಿದ ಹಾಳೆಗೆ ಸಹಿ ಹಾಕುವುದು ನನ್ನ ಶಿಸ್ತು. ಉಳಿದ ಹತ್ತು ಮಕ್ಕಳು ಚೀಲ ಬರೆದು, ನಾಲ್ಕು ಭಾಗ ಮಾಡಿ, ಹೆಬ್ಬೆರಳು ಸೇರಿಸಿಯಾಗಿತ್ತು. ಅವರಿಗೂ ಭೇಷ್ ಎಂದೆ.

ಗಂಟೆ ಹೊಡೆಯಿತು. ಹುಲಿಗೆವ್ವ ಹಾಜರಿಗೆ ಎದ್ದಳು. ಹನ್ನೊಂದೂ ಬೋರ್ಡು ನೋಡಿದಳು. ಬಾಗಿಲಿಗೆ ಹೋಗಿ ತಿರುಗಿದಳು.

"ಇವತ್ತು ಎಲ್ಲಾರೂ ಚಲೋ ಬರದೀರಿ. ನನ್ನ ಬೆರಳು ನನಗ ವಾಪಸ್ ಕೊಟ್ಟೀರಿ."

ಬಲಗೈ ಎತ್ತಿ ತೋರಿಸಿದಳು. ಕಿರುಬೆರಳು ಬುಡಸಮೇತ ಇರಲಿಲ್ಲ.

ನಾನು ಏನು ಮಾಡಿದೆ ಗೊತ್ತೇ? ಕ್ಷಮೆ ಕೇಳಲಿಲ್ಲ. "ಮಕ್ಕಳೇ, ಇವತ್ತಿಗೆ ಸಾಕು" ಎಂದು ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನನ್ನಂಥ ಮೇಷ್ಟ್ರಿಗೆ ಬೀರು ಬಹಳ ದೊಡ್ಡ ಆಸರೆ.

ಎರಡು ವಾರದ ಮೇಲೆ ಅವಳೇ ಬಂದಳು. ಅಷ್ಟರಲ್ಲಿ ಅವಳ ಸೊಸೆ ಅದೇ ಮಂಡಿಗೆ, ಅದೇ ಮಿಷನ್ನಿಗೆ ತೆನೆ ಹಾಕಲು ಸೇರಿದ್ದಳು. ಬಾಯಿಗೆ ತಗಡು ಹಾಕಿಸಿ ಎಂದು ಹುಲಿಗೆವ್ವ ಕೇಳಲು ಹೋದರೆ ಅಧ್ಯಕ್ಷರು, "ನಮ್ಮ ಮಿಷನ್ ಯಾರ ಬೆರಳೂ ತಿಂದಿಲ್ಲ. ಆಕಿ ಕೆಲಸಕ್ಕ ಬಂದಾಗ್ಲೇ ನಾಕು ಬೆರಳಿದ್ವು" ಅಂದರಂತೆ. ಬೆರಳು ಹೋದ ದಿನ ಗುಮಾಸ್ತ ಯಾರೋ ಪರಿಚಯದ ಕಾಂಪೌಂಡರ್ ಹತ್ತಿರ ಹೊಲಿಗೆ ಹಾಕಿಸಿದ್ದ, ಚೀಟಿ ಕೊಡಿಸಿರಲಿಲ್ಲ. ಆಗ ಜೊತೆಗಿದ್ದ ಹೆಂಗಸರ ಗುಂಪು ಊರಿಗೆ ವಾಪಸ್ ಹೋಗಿತ್ತು. ಫೋನ್ ಮಾಡಿದರೆ, "ಮುಂದಿನ ಸುಗ್ಗಿಗೂ ಅಲ್ಲೇ ಬರೋರು ನಾವು, ನಮ್ಮನ್ನ ಎಳೀಬ್ಯಾಡಕ್ಕ" ಅಂದರಂತೆ.

"ದುಡ್ಡು ಕೇಳಾಕ ಬಂದಿಲ್ರಿ ಮೇಷ್ಟ್ರೇ. ಹೋದ ಬೆರಳು ಹೋತು. ಸೊಸಿಗೆ ಹತ್ತೂ ಅದಾವ, ಇರಲಿ. ನಾ ಕೆಲಸಕ್ಕ ಹೋಗೋ ಹಿಂದಿನ ದಿನ ನೀವೆಲ್ಲ ನನ್ನ ಕೈ ಬರದಿದ್ರಿ, ತಾರೀಕು ಹಾಕಿದ್ರಿ. ನನ್ನ ಕೈ ನಿಮ್ಮ ಬೀರುವಿನಾಗ ಐತಿ. ಅದನ್ನ ತಗದು ತೋರಸ್ರಿ."

ಖುಷಿಯಾಯಿತು ನನಗೆ. ಪಾಪ ತೊಳೆಯಲು ಇಷ್ಟು ಸುಲಭದ ದಾರಿ! ಸುಗ್ಗಿಗೆ ಮುಂಚಿನ ಹಾಳೆಗಳನ್ನು ಬಗಲಲ್ಲಿಟ್ಟುಕೊಂಡು ಪ್ರಾಂಶುಪಾಲರ ಕೋಣೆಯಲ್ಲಿ ಅಧ್ಯಕ್ಷರ ಮುಂದೆ ಹರಡಿದೆ. ಹನ್ನೊಂದು ಹಾಳೆ, ಎಲ್ಲದರಲ್ಲೂ ಐದು ಬೆರಳು, ತಾರೀಕು. ಅಧ್ಯಕ್ಷರು ಕನ್ನಡಕ ಏರಿಸಿ ಸಾವಧಾನವಾಗಿ ನೋಡಿದರು. "ಆಮೇಲಿನವು?" ಎಂದರು.

ಪ್ರಾಂಶುಪಾಲರು ನನ್ನ ಕೈಯಿಂದ ಬೀರುವಿನ ಕೀಲಿ ಇಸಿದುಕೊಂಡು ಓಡಿ ಹೋಗಿ ತಂದುಕೊಟ್ಟರು. ಅಷ್ಟು ಚುರುಕಾಗಿ ಅವರು ಓಡಿದ್ದನ್ನು ನಾನು ಮೊದಲ ಬಾರಿ ನೋಡಿದೆ.

"ಇವೂ ಐದು ಐದೇ ಅದಾವಲ್ಲ ಮೇಷ್ಟ್ರೇ. ಒಂದರ ಮ್ಯಾಲ ನಿಮ್ಮ ಸಹಿನೂ ಐತಿ. ಇಲ್ಲದ ಬೆರಳು ನಿಮ್ಮ ಹಾಳಿಯಾಗ ಮೂಡತೈತಿ ಅಂದಮ್ಯಾಲ, ಮೊದಲಿನ ಹಾಳಿಯಾಗಿನ ಬೆರಳೂ ಹಂಗ ಮೂಡಿದ್ದಾ ಇರಬೇಕು. ಅಲ್ರಿ?"

ತರ್ಕದಲ್ಲಿ ಒಂದು ಸೂಜಿ ತೂರುವಷ್ಟು ಸಂದಿ ಇರಲಿಲ್ಲ. 'ನಾನು ನೋಡದೆ ತಿದ್ದಿದೆ' ಎಂಬ ಮೂರು ಶಬ್ದ ನನ್ನ ಬಾಯಲ್ಲಿತ್ತು. ಪ್ರಾಂಶುಪಾಲರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಿವೃತ್ತಿಗೆ ಆರು ತಿಂಗಳಿತ್ತು. ನುಂಗಿದೆ. ಬಾಗಿಲ ಹೊರಗೆ ನಿಂತಿದ್ದ ಹುಲಿಗೆವ್ವ ನನ್ನ ಮುಖ ನೋಡಿ ಹೊರಟುಹೋದಳು. ಅಧ್ಯಕ್ಷರ ಮೇಲೆ ನನಗೆ ಸಿಟ್ಟಿದೆ, ಪ್ರಾಂಶುಪಾಲರ ಮೇಲಿದೆ. ಆದರೆ ಆ ಹೊತ್ತು ಕುರ್ಚಿಯಲ್ಲಿ ಕೂತಿದ್ದ ಆ ಬಿಳಿ ಅಂಗಿಯ ಡ್ರಾಯಿಂಗ್ ಮೇಷ್ಟ್ರು ಕೈಗೆ ಸಿಕ್ಕಿದ್ದರೆ ಇವತ್ತಿಗೂ ಕಪಾಳಕ್ಕೆ ಬಿಗಿಯುತ್ತೇನೆ.

ಮರುದಿನ ಬೆಳಿಗ್ಗೆ ಕೋಣೆಗೆ ಹೋದರೆ ನಾಗವೇಣಿ ಬೀರುವಿನ ಮುಂದೆ ನಿಂತಿದ್ದಳು.

"ಸಾರ್, ನನ್ನ ಹಾಳಿ ಕೊಡ್ರಿ."

ಕೊಟ್ಟೆ. ಇದ್ದಿಲ ಕಡ್ಡಿಯನ್ನು ಕಾಗದದ ಮೇಲೆ ಕುಟ್ಟಿ ಪುಡಿ ಮಾಡಿದಳು. ಅರಿವೆಯ ಚೂರಿಗೆ ಪುಡಿ ಹತ್ತಿಸಿ, ನಾನು ತಿದ್ದಿದ ಕೈಯ ಮೇಲೆ ಬಹಳ ಹಗುರಾಗಿ ಸವರಿದಳು. ನನ್ನ ಐದು ಬೆರಳು ಮಸಿಯಲ್ಲಿ ಮುಳುಗಿದವು. ಅವುಗಳ ಕೆಳಗಿನಿಂದ, ಅವಳ ಗಟ್ಟಿ ಪೆನ್ಸಿಲು ಕೊರೆದ ತಗ್ಗಿಗೆ ಪುಡಿ ಇಳಿಯದೆ, ಬೆಳ್ಳಗೆ ನಾಲ್ಕು ಬೆರಳು ಎದ್ದು ಬಂದವು. ಕಿರುಬೆರಳಿನ ಜಾಗದಲ್ಲಿ ಹೊಲಿಗೆಯ ಗಂಟನ್ನು ಸಹ ಆ ಹುಡುಗಿ ಬರೆದಿದ್ದಳು. ನಾನು ಅದನ್ನೂ ನೋಡದೆ ಉಜ್ಜಿದ್ದೆ.

"ತಗ್ಗು ಉಳೀತೈತಿ ಅಂತ ನೀವ ಹೇಳಿದ್ರಿ ಸಾರ್" ಎಂದಳು. ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಸುಗ್ಗಿಗೆ ಮುಂಚೆ ಅವಳು ಬರೆದ ಹಾಳೆಯನ್ನು ಪಕ್ಕಕ್ಕಿಟ್ಟೆವು. ಅದರಲ್ಲಿ ಐದು, ಇದರಲ್ಲಿ ನಾಲ್ಕು. ಕಂಡದ್ದನ್ನೇ ಬರೆದ ಒಂದೇ ಕಣ್ಣು, ಎರಡು ತಾರೀಕು. ಅಧ್ಯಕ್ಷರ ತರ್ಕಕ್ಕೆ ಈಗ ಬೇಕಾದದ್ದು ನನ್ನ ಮೂರು ಶಬ್ದ ಮಾತ್ರ. ಹಾಳೆಯ ಹಿಂಬದಿಗೆ ಬರೆದೆ: 'ಮಾಡೆಲಿನ ಬಲಗೈಗೆ ನಾಲ್ಕು ಬೆರಳಿದ್ದವು. ವಿದ್ಯಾರ್ಥಿನಿ ಸರಿಯಾಗಿ ಬರೆದಿದ್ದಳು. ನಾನು ನೋಡದೆ ತಿದ್ದಿದೆ.' ಸಹಿ ಹಾಕಿದೆ. ಇಷ್ಟು ವರ್ಷದಲ್ಲಿ ಸಾವಿರಾರು ಹಾಳೆಗೆ ಸಹಿ ಹಾಕಿದ್ದೇನೆ. ಓದಿ ಹಾಕಿದ ಸಹಿ ಅದೊಂದೇ.

ಮಧ್ಯಾಹ್ನ ಹುಲಿಗೆವ್ವನನ್ನೂ ಕರೆದುಕೊಂಡು ನಾವು ಮೂವರೂ ಮಂಡಿಗೆ ಹೋದೆವು. ಊಟದ ಹೊತ್ತು, ಮಿಷನ್ ನಿಂತಿತ್ತು. ಹೆಂಗಸರು ರಾಶಿಯ ನೆರಳಿಗೆ ಬುತ್ತಿ ಬಿಚ್ಚಿದ್ದರು. ಹುಲಿಗೆವ್ವನದು ಹುಟ್ಟಿನಿಂದಲೂ ನಾಲ್ಕೇ ಬೆರಳು ಎಂದು ಗುಮಾಸ್ತ ಅವರಿಗೆಲ್ಲ ಹೇಳಿಟ್ಟಿದ್ದ. ಅತ್ತೆ ಹೇಳುವುದು ನಂಬಬೇಕೋ ಗುಮಾಸ್ತ ಹೇಳುವುದು ನಂಬಬೇಕೋ ತಿಳಿಯದೆ, ಬೆರಳು ಹೋದ ಮೇಲೆ ಮದುವೆಯಾಗಿ ಬಂದ ಸೊಸೆಯೂ ದುಡಿಯುತ್ತಿದ್ದಳು.

ಅಧ್ಯಕ್ಷರು ಒಳಗಿನಿಂದ ಬರುವಷ್ಟರಲ್ಲಿ ಹುಲಿಗೆವ್ವ ಎರಡೂ ಹಾಳೆಗಳನ್ನು ತೆನೆಯ ರಾಶಿಗೆ ಒರಗಿಸಿ, ಪಕ್ಕದಲ್ಲಿ ತನ್ನ ಬಲಗೈ ಹಿಡಿದು ನಿಂತಿದ್ದಳು. ಹಿಂಬದಿಯಲ್ಲಿ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆ. 'ನೋಡಿ ಬರಿ, ನೋಡಿ ಬರಿ' ಎಂದು ಅಷ್ಟು ವರ್ಷ ಒದರಿದವನು 'ನೋಡದೆ' ಎಂಬ ಶಬ್ದವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಮತ್ತೊಮ್ಮೆ ಓದಿದೆ.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ನೋಡಿದರು. ನಮ್ಮ ಪ್ರದರ್ಶನಗಳಲ್ಲಿ ಯಾರೂ ಹಾಗೆ ನೋಡಿದ್ದಿಲ್ಲ. ಸೊಸೆ ಹಾಳೆ ನೋಡಿದಳು, ಅತ್ತೆಯ ಕೈ ನೋಡಿದಳು, ಮಿಷನ್ನಿನ ಬಾಯಿ ನೋಡಿದಳು. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು.

"ತಗಡು ಬರೋತನಕ ನಾ ತೆನಿ ಹಾಕಂಗಿಲ್ಲ."

ಉಳಿದ ಬುಟ್ಟಿಗಳೂ ಬೋರಲು ಬಿದ್ದವು.

"ಒಂದು ಪೆನ್ಸಿಲ್ ಗೆರಿಗೆ ಇಷ್ಟು ಮಂದಿ ಕೆಲಸ ಬಿಡತೀರೇನು?" ಎಂದರು ಅಧ್ಯಕ್ಷರು.

"ಗೆರಿಗಲ್ರಿ ಧಣಿ, ಬೆರಳಿಗೆ" ಅಂದಳು ಹುಲಿಗೆವ್ವ.

ಸಂಜೆ ನಾಲ್ಕಕ್ಕೆ ವೆಲ್ಡಿಂಗಿನವನು ಬಂದ. ತಗಡು ಕೂರಿಸಲು ಅವನಿಗೆ ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಎರಡು ಸುಗ್ಗಿ, ಒಂದು ಬೆರಳು, ಹನ್ನೊಂದು ಸುಳ್ಳು ಹಾಳೆ. ಕೆಲಸ ಮಾತ್ರ ಚಹಾ ಕುಡಿಯುವಷ್ಟರದ್ದು.

ಮುಂದಿನ ವಾರ ಆಡಳಿತ ಮಂಡಳಿ ಸೇರಿ ಗಂಭೀರವಾಗಿ ಚರ್ಚಿಸಿತು. ಸ್ತ್ರೀಯರನ್ನು ಎದುರಿಗೆ ಕೂರಿಸಿ ನೋಡುವುದು ಅವರ ಘನತೆಗೆ ತಕ್ಕದ್ದಲ್ಲವೆಂದು ತೀರ್ಮಾನವಾಯಿತು. ಹುಲಿಗೆವ್ವನನ್ನು ಗೇಟಿನಲ್ಲೇ ತಡೆದರು. ಅವರ ವಾರ್ಷಿಕ ಪುಸ್ತಿಕೆಯ ಮುಖಪುಟದಲ್ಲಿ ಮಾತ್ರ ಬಾಗಳಿಯ ಕಲ್ಲಿನ ಹೆಂಗಸರು ಈಗಲೂ ಇದ್ದಾರೆ. ಮೈಮೇಲೆ ಬಟ್ಟೆಯಿಲ್ಲದಿದ್ದರೂ ಕಲ್ಲಿಗೆ ಘನತೆಯ ತೊಂದರೆಯಿಲ್ಲ. ಮೈತುಂಬ ಸೀರೆಯುಟ್ಟು, ಕೂತು, ತಿರುಗಿ ನಮ್ಮನ್ನೇ ನೋಡುವ ಹೆಂಗಸಿನಿಂದ ಬರುತ್ತದೆ ತೊಂದರೆ. ಪ್ಲಾಸ್ಟರಿನ ಕೈ ಬಂತು. ಮಕ್ಕಳು ಅದರ ಫೋಟೋ ಫೋನಿನಲ್ಲಿ ಹಿಡಿದು ಮನೆಗೆ ಹೋಗಿ ಬರೆಯುತ್ತಾರೆ. ಕೈಯ ಎದುರಿಗೂ ಕೂರುವುದಿಲ್ಲ. ನನ್ನ ಸುಲಭೋಪಾಯ ಕೊನೆಗೂ ಪರಿಪೂರ್ಣವಾಯಿತು.

ಹೊಸ ಮೇಷ್ಟ್ರೇ, ಮೇಡಮ್ಮುಗಳೇ, ನಿಮ್ಮ ಕೋಣೆಗೂ ಅಂಥದೊಂದು ಕೈ ಬಂದೇ ಬರುತ್ತದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಬೀರು ಇರುವುದು ಅದಕ್ಕೆ.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಬೋರ್ಡು ಹಿಡಿದು ಹುಲಿಗೆವ್ವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಳು. ಕೇಳದೆಯೇ ಬಲಗೈ ಮುಂದಿಟ್ಟಳು. ಚೀಲ ಬರೆಯಲಿಲ್ಲ, ಭಾಗ ಮಾಡಲಿಲ್ಲ. ಎರಡು ತಾಸು ಹಿಡಿಯಿತು. ಮುಗಿದ ಮೇಲೆ ಎದ್ದು ಬಂದು ಹಾಜರಿ ತೆಗೆದುಕೊಂಡಳು.

"ಬೆರಳು ಸರಿ ಅದಾವ. ಮೂಗು ಯಾರದು ತಂದೀರಿ?"

ನೋಡಿದೆ. ನಿಜ, ಮೂಗು ಕೆಟ್ಟಿತ್ತು. ತಲೆ ಬಗ್ಗಿಸಿ ರಬ್ಬರ್ ಕೈಗೆತ್ತಿಕೊಂಡೆ. ಅವಳು ಮತ್ತೆ ಕಟ್ಟೆಗೆ ಹೋಗಿ, ಮೊದಲು ಕೂತಿದ್ದ ಜಾಗದಲ್ಲೇ ಕೂತು, ಅಲ್ಲಿಂದ ಹೇಳಿದಳು:

"ಒರಸೋಕಿಂತ ಮೊದ್ಲು ಒಂದ್ಸಲ ನನ್ನ ಕಡಿ ನೋಡ್ರಿ."